ತಾಳೆಯಾದ ಮೇಲೂ ಉಳಿಯುವ ಪ್ರಶ್ನೆ

ಚಿ. ಪುಟ್ಟಿಗೆ,

ನೀನು ಕಳಿಸಿದ ಎಂ.ಕಾಂ. ಸಿಲಬಸ್ಸಿನ ಮೊದಲ ಪುಟ ಓದಿದೆ. ಕೋರ್ಸು ಮುಗಿಸಿದವರು ಏನೇನು ಕಲಿತಿರುತ್ತಾರೆ ಎಂಬ ಪಟ್ಟಿಯಲ್ಲಿ ವಿಮರ್ಶಾತ್ಮಕ ಚಿಂತನೆ, ಸಂವಹನ ಕೌಶಲ, ವೃತ್ತಿನೀತಿ, ಸಂಶೋಧನಾ ಮನೋಭಾವ ಎಲ್ಲವೂ ಇವೆ. ‘ಇದೇ ಪಟ್ಟಿ ರೂಮ್‌ಮೇಟಿನ ಎಂ.ಎಸ್ಸಿ. ಸಿಲಬಸ್ಸಿನಲ್ಲೂ ಇದೆ ದೊಡ್ಡಪ್ಪ. ಎಂಟ್ರಿ ಹಾಕೋದು ಟ್ಯಾಲಿ, ಉಳಿದದ್ದು ಎಐ. ಎರಡು ವರ್ಷ ನಾನು ಕಲಿಯೋದೇನು?’ ಎಂದು ಕೇಳಿದ್ದೀಯ. ಸಹಕಾರ ಸಂಘಗಳ ಆಡಿಟ್ಟಿನಲ್ಲೇ ಕೂದಲು ಹಣ್ಣಾದವನನ್ನು ಕೇಳಿದ್ದು ಒಳ್ಳೆಯದಾಯಿತು. ಫೋನಿನಲ್ಲಿ ಹೇಳಿದರೆ ‘ಹೂಂ, ಹೂಂ’ ಅಂದುಬಿಡುತ್ತೀಯ; ಅದಕ್ಕೇ ಪತ್ರ.

ಮೊದಲು ಟ್ಯಾಲಿಯ ಮಾತು. ನಾವು ಕೆಲಸಕ್ಕೆ ಸೇರಿದ ಕಾಲಕ್ಕೆ ಕೂಡುವುದೇ ದೊಡ್ಡ ವಿದ್ಯೆ. ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಿದ್ದರೆ ವ್ಯತ್ಯಾಸವನ್ನು 9ರಿಂದ ಭಾಗಿಸಿ ನೋಡುತ್ತಿದ್ದೆವು. ಶೇಷ ಉಳಿಯದಿದ್ದರೆ ಯಾರೋ 54ನ್ನು 45 ಎಂದು ಬರೆದಿದ್ದಾರೆಂಬ ಗುಮಾನಿ. 1986ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಕಂಪನಿಯೊಂದರ ಟ್ಯಾಲಿ ಎಂಬ ಲೆಕ್ಕದ ಸಾಫ್ಟ್‌ವೇರ್ ಬಂದು ಆ ವಿದ್ಯೆ ಮೂಲೆ ಸೇರಿತು. ನನಗೇನೂ ಬೇಸರವಿಲ್ಲ, ಕಣ್ಣು ಉಳಿಯಿತು. ಈಗಂತೂ ಕಂಪನಿಗಳು ಬಳಸುವ ಲೆಕ್ಕದ ಸಾಫ್ಟ್‌ವೇರ್ ಯಾವ ಎಂಟ್ರಿಯನ್ನು ಯಾವಾಗ ತಿದ್ದಿದರು ಎಂಬುದನ್ನೂ ದಾಖಲಿಸಿಡಬೇಕು. 2023ರ ಏಪ್ರಿಲ್ 1ರಿಂದ ಅದು ಕಡ್ಡಾಯ. ಮಾರ್ಚ್ 31ರ ನಡುರಾತ್ರಿ ತಿದ್ದಿದ ಎಂಟ್ರಿಗಳನ್ನು ಯಂತ್ರ ಹೆಕ್ಕಿ ಕೊಟ್ಟೀತು. ಆದರೆ ತಿದ್ದಿದವರ ಎದುರು ಕೂತು, ಅವರ ಮರ್ಯಾದೆಗೂ ಕುಂದು ತಾರದೆ, ‘ಅಷ್ಟು ಹೊತ್ತಿನಲ್ಲಿ ಏಕೆ ತಿದ್ದಿದಿರಿ ಸಾರ್?’ ಎಂದು ಕೇಳಬೇಕಾದವಳು ನೀನು.

ಬಿ.ಕಾಂ.ನಲ್ಲಿ ನಿಯಮ ಕಲಿತೆ. ಎಂ.ಕಾಂ.ನಲ್ಲಿ ಆ ನಿಯಮ ಹಾಗೇ ಏಕಿದೆ, ಬೇರೆ ಥರ ಇದ್ದರೆ ಯಾರಿಗೆ ಲಾಭ ಎಂದು ನೋಡಬೇಕು. ಲೀಸಿನ ವಿಷಯವನ್ನೇ ತೆಗೆದುಕೋ. ವಿಮಾನ ಕಂಪನಿ ವರ್ಷಗಟ್ಟಲೆ ಕರಾರಿನ ಮೇಲೆ ವಿಮಾನ ಬಾಡಿಗೆಗೆ ತರುತ್ತದೆ. ಮೊದಲು ಅಂಥ ಬಹುಪಾಲು ಕರಾರುಗಳ ಬಾಡಿಗೆ ವರ್ಷದ ಖರ್ಚಾಗಿ ಹೋಗುತ್ತಿತ್ತೇ ಹೊರತು, ಮುಂದೆ ಕಟ್ಟಲೇಬೇಕಾದ ಬಾಡಿಗೆ ಬ್ಯಾಲೆನ್ಸ್ ಶೀಟಿನ ಸಾಲದ ಕಡೆ ಕಾಣುತ್ತಿರಲಿಲ್ಲ. 2019ರ ಏಪ್ರಿಲ್ 1ರಿಂದ ಇಂಡ್ ಎಎಸ್ 116 ಎಂಬ ಲೆಕ್ಕಪತ್ರ ಮಾನದಂಡ ಜಾರಿಗೆ ಬಂದು, ಆ ಬಾಡಿಗೆ ಹೊಣೆಯಾಗಿ ಎದ್ದು ಕೂತಿತು. ಒಂದು ವಿಮಾನವೂ ಹೆಚ್ಚಾಗಿ ಹಾರಲಿಲ್ಲ, ಒಂದು ರೂಪಾಯಿಯೂ ಹೊಸದಾಗಿ ಸಾಲ ತರಲಿಲ್ಲ, ಆದರೂ ಕಂಪನಿಯ ಚಿತ್ರ ಬೇರೆಯಾಯಿತು. ಹಾಗಾದರೆ ಹಳೆಯ ಚಿತ್ರ ಸುಳ್ಳೇ? ಈ ಪ್ರಶ್ನೆಗೆ ಪರೀಕ್ಷೆಯಲ್ಲಿ ಐದು ಅಂಕದ ಉತ್ತರ ಸಾಕು, ಕ್ಲಾಸಿನಲ್ಲಿ ಮಾತ್ರ ಒಂದು ಮಧ್ಯಾಹ್ನವಿಡೀ ಜಗಳವಾಡಬೇಕು. ಆಡಿಸುವ ಮೇಷ್ಟ್ರು ಸಿಕ್ಕರೆ ನಿನ್ನ ಅದೃಷ್ಟ.

ಇನ್ನು ಆ ‘ವಿಮರ್ಶಾತ್ಮಕ ಚಿಂತನೆ’. ಸತ್ಯಂ ಹಗರಣದ ಹೊತ್ತಿಗೆ ನೀನು ಅಂಗನವಾಡಿಯಲ್ಲಿದ್ದೆ. 2009ರ ಜನವರಿ 7ರಂದು ಕಂಪನಿಯ ಅಧ್ಯಕ್ಷ ರಾಮಲಿಂಗರಾಜು ತಾವೇ ಪತ್ರ ಬರೆದು ಒಪ್ಪಿಕೊಂಡರು: ಪುಸ್ತಕದಲ್ಲಿ ತೋರಿಸಿದ್ದ 5,361 ಕೋಟಿ ರೂಪಾಯಿ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ಇಲ್ಲವೇ ಇಲ್ಲ. ನಾನು ಆ ಪತ್ರದಲ್ಲಿ ಹೆಚ್ಚು ಹೊತ್ತು ನಿಂತದ್ದು ಇನ್ನೊಂದು ಸಾಲಿನ ಮೇಲೆ. 376 ಕೋಟಿ ಬಡ್ಡಿ ಬರಬೇಕಿದೆ ಎಂದೂ ಅದೇ ಪುಸ್ತಕ ಹೇಳುತ್ತಿತ್ತು. ಇಲ್ಲದ ದುಡ್ಡಿಗೆ ಇಲ್ಲದ ಬಡ್ಡಿ! ಒಂದು ಸುಳ್ಳು ಎಂಟ್ರಿ ಹಾಕಿದವನು ಅದರ ಬಾಲವನ್ನೂ ಬರೆಯುತ್ತಾ ಹೋಗಬೇಕು. ಎಲ್ಲವೂ ಸೊಗಸಾಗಿ ತಾಳೆಯಾಗುತ್ತದೆ. ಡೆಬಿಟ್ಟಿಗೆ ಸರಿಯಾದ ಕ್ರೆಡಿಟ್ ಇದೆ ಎಂಬುದಷ್ಟೇ ತಾಳೆಯ ಸಾಕ್ಷ್ಯ, ಅದಕ್ಕಿಂತ ಹೆಚ್ಚೇನಿಲ್ಲ.

ಗಮನಿಸು, ಸ್ಟಾಕಿನ ಬೆಲೆ ಕಟ್ಟುವುದು ಕಷ್ಟ, ಗುಡ್‌ವಿಲ್ ಇನ್ನೂ ಕಷ್ಟ, ಆದರೆ ಬ್ಯಾಂಕಿನಲ್ಲಿರುವ ದುಡ್ಡು ಎಲ್ಲಕ್ಕಿಂತ ಸುಲಭವಾಗಿ ಪರೀಕ್ಷಿಸಬಹುದಾದದ್ದು. ಬ್ಯಾಂಕಿನ ದೃಢೀಕರಣವನ್ನು ಕಂಪನಿಯ ಕೈಯಿಂದ ಪಡೆಯದೆ, ಆಡಿಟರ್ ನೇರವಾಗಿ ಬ್ಯಾಂಕಿನಿಂದಲೇ ತರಿಸಿಕೊಳ್ಳಬೇಕು. ಇದಕ್ಕೆ ಉನ್ನತ ಗಣಿತ ಬೇಡ, ಕಾಗದ ಯಾರ ಕೈಯಿಂದ ಬಂತು ಎಂದು ಕೇಳುವ ಹಟ ಬೇಕು. 2013ರ ಕಂಪನಿ ಕಾಯ್ದೆಯಲ್ಲಿ ಆಡಿಟರುಗಳನ್ನು ಬದಲಿಸುತ್ತಿರಬೇಕೆಂಬ ನಿಯಮ, 2018ರಲ್ಲಿ ಬಂದ ರಾಷ್ಟ್ರೀಯ ಹಣಕಾಸು ವರದಿ ಪ್ರಾಧಿಕಾರ, ಇವೆಲ್ಲ ನಿನಗೆ ಪೇಪರಿನಲ್ಲಿ ಬರುತ್ತವೆ. ಸತ್ಯಂ ಪತ್ರವನ್ನು ಪಕ್ಕದಲ್ಲಿಟ್ಟುಕೊಂಡು ಓದು, ಬಾಯಿಪಾಠ ಮಾಡುವ ಕಷ್ಟ ತಪ್ಪುತ್ತದೆ.

ನಮ್ಮ ಸಹಕಾರ ಸಂಘಗಳ ಕಡೆಯ ಸಂಗತಿ ಇಷ್ಟು ದೊಡ್ಡದಲ್ಲ, ಇಷ್ಟು ಕೆಟ್ಟದ್ದೂ ಅಲ್ಲ. ಶೂನ್ಯ ಬಡ್ಡಿಯ ಬೆಳೆಸಾಲ ಗಡುವಿನೊಳಗೆ ಕಟ್ಟಿದರೆ ಮಾತ್ರ ಶೂನ್ಯ ಬಡ್ಡಿ. ಕೈಯಲ್ಲಿ ಕಾಸಿಲ್ಲದ ರೈತ ನಾಲ್ಕು ದಿನಕ್ಕೆಂದು ಕೈಗಡ ತಂದು ಸಂಘಕ್ಕೆ ಕಟ್ಟುತ್ತಾನೆ, ಹೊಸ ಸಾಲ ಮಂಜೂರಾದ ಕೂಡಲೇ ತಂದವರಿಗೆ ತೀರಿಸುತ್ತಾನೆ. ಕೆಲವೆಡೆ ದುಡ್ಡೂ ಓಡಾಡುವುದಿಲ್ಲ, ಪುಸ್ತಕ ಹೊಂದಾಣಿಕೆಯಲ್ಲೇ ಮುಗಿಯುತ್ತದೆ. ವರದಿಯಲ್ಲಿ ವಸೂಲಿ ಚೆನ್ನಾಗಿರುತ್ತದೆ, ಸುಸ್ತಿದಾರರು ಬೆರಳೆಣಿಕೆ. ವಸೂಲಿ ಶೇಕಡಾವಾರು ಲೆಕ್ಕಹಾಕುವುದನ್ನು ಯಾರು ಬೇಕಾದರೂ ಕಲಿಸುತ್ತಾರೆ. ಸಾಲ ತೀರಿದ ತಾರೀಖನ್ನೂ ಹೊಸ ಸಾಲ ಕೊಟ್ಟ ತಾರೀಖನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಆ ಶೇಕಡಾವಾರು ಪುಸ್ತಕದ ಆರೋಗ್ಯ ಹೇಳುತ್ತಿದೆಯೋ ರೈತನದ್ದೋ ಎಂದು ತಿಳಿಯುತ್ತದೆ. ಹಾಗೆ ನೋಡುವುದನ್ನೇ ನಾನು ಕಲಿಕೆ ಅನ್ನುವುದು.

ನೋಡಿದ್ದನ್ನು ಹೇಳಲೂ ಬರಬೇಕು. 1905ರಲ್ಲಿ ಗದಗಿನ ಹತ್ತಿರ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗಿನಿಂದ ಸದಸ್ಯನೇ ಮಾಲೀಕ ಎನ್ನುತ್ತಾ ಬಂದಿದ್ದೇವೆ. ಸೆಪ್ಟೆಂಬರಿನ ವಾರ್ಷಿಕ ಮಹಾಸಭೆಯಲ್ಲಿ ಆ ಮಾಲೀಕನಿಗೆ ಆಸ್ತಿ-ಜವಾಬ್ದಾರಿ ತಃಖ್ತೆಯನ್ನು ಗಡಗಡ ಓದಿ ಹೇಳಿ, ಡಿವಿಡೆಂಡ್ ಘೋಷಿಸಿ, ಊಟಕ್ಕೆ ಕಳಿಸುತ್ತೇವೆ. ‘ಈ ವರ್ಷ ಲಾಭ ಬಂದಿದೆ, ಆದರೆ ವಸೂಲಾಗದ ಬಡ್ಡಿಯನ್ನೂ ಆದಾಯ ಅಂತ ಹಿಡಿದಿದ್ದಾರೆ, ಆದ್ದರಿಂದ ಹಂಚಲು ಅಷ್ಟು ದುಡ್ಡಿಲ್ಲ’ ಎಂದು ಹೇಳಬಲ್ಲವರು ಬೇಕು. ಇಂಗ್ಲಿಷಿನಲ್ಲಿ ಪ್ರೆಸೆಂಟೇಶನ್ ಕೊಡುವುದನ್ನು ಕಲಿ, ಬೆಂಗಳೂರಿನಲ್ಲಿ ಅದು ಅನ್ನ ಕೊಡುತ್ತದೆ. ಜೊತೆಗೆ ಸಂಘದ ಸಭೆಯಲ್ಲಿ ಹೀಗೆ ಹೇಳುವುದನ್ನೂ ಕಲಿ.

ಡಿಸರ್ಟೇಶನ್ನಿನ ಬಗ್ಗೆ ನನ್ನದೊಂದು ಬೇಡಿಕೆ. ಹಾಸ್ಟೆಲಿನ ನೂರು ಹುಡುಗಿಯರಿಂದ ಗೂಗಲ್ ಫಾರ್ಮ್ ತುಂಬಿಸಿ ‘ಯುಪಿಐ ಬಳಕೆದಾರರ ಸಂತೃಪ್ತಿ’ ಎಂದು ಬರೆಯಬೇಡ. ಹುಡುಗಿಯರು ಸಂತೃಪ್ತರಾಗಿಯೇ ಇದ್ದಾರೆ. ಒಂದೇ ಒಂದು ಹಾಲು ಉತ್ಪಾದಕರ ಸಂಘದ ಐದು ವರ್ಷದ ಆಡಿಟ್ ವರದಿ ಹಿಡಿ. ಪ್ರತಿ ವರ್ಷದ ಆಕ್ಷೇಪಣೆಗಳನ್ನು ಮರುವರ್ಷದ ಅನುಪಾಲನಾ ವರದಿಯೊಂದಿಗೆ ಹೋಲಿಸು. ಅದೇ ಆಕ್ಷೇಪಣೆ ಮತ್ತೆ ಬರುತ್ತಿದ್ದರೆ ಏಕೆ ಬರುತ್ತಿದೆ ಎಂದು ಸಂಘಕ್ಕೇ ಹೋಗಿ ಕೇಳು. ಪುಟ ಕಡಿಮೆಯಾದೀತು, ಆಗಲಿ.

ಒಂದು ಮಾತು ಬಿಚ್ಚಿ ಹೇಳುತ್ತೇನೆ. ಎಂ.ಕಾಂ. ಮಾಡಿದ ಮಾತ್ರಕ್ಕೆ ಕಂಪನಿಯ ಆಡಿಟ್ ವರದಿಗೆ ಸಹಿ ಹಾಕಲಾಗದು, ಅದಕ್ಕೆ ಸಿ.ಎ. ಆಗಬೇಕು. ಪಾಠ ಹೇಳುವ ಆಸೆಯಿದ್ದರೆ ನೆಟ್ ಅಥವಾ ಕೆ-ಸೆಟ್ ಬರೆಯಬೇಕು. ಪದವಿ ಬಾಗಿಲವರೆಗೆ ಮಾತ್ರ ಕರೆತರುತ್ತದೆ; ಮೊದಲ ಸಂಬಳ ನೋಡಿ ಅಪ್ಪ ಮುಖ ಸಣ್ಣಗೆ ಮಾಡಿದರೆ ನೀನು ಮಾಡಬೇಡ. ಆ ಸಂಬಳದ ವಿಷಯ ನಾನು ಅವನ ಹತ್ತಿರ ಮಾತಾಡುತ್ತೇನೆ.

ದಸರಾ ರಜೆಗೆ ಬರುತ್ತೀಯಲ್ಲ, ನಮ್ಮೂರ ಸಂಘದ ಈ ಸಲದ ವಾರ್ಷಿಕ ವರದಿ ತಂದಿಟ್ಟಿರುತ್ತೇನೆ. ಸುಸ್ತಿ ಸಾಲದ ಪುಟದಲ್ಲಿ ನನಗೆ ಒಂದು ಅನುಮಾನವಿದೆ. ಯಾವುದೆಂದು ಹೇಳುವುದಿಲ್ಲ. ನೀನೇ ಹುಡುಕಿ, ಕಾರ್ಯದರ್ಶಿಗೆ ಕೇಳಬೇಕಾದ ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಕನ್ನಡದಲ್ಲಿ ಬರೆದು ತೋರಿಸು.

ಇಂತಿ,
ನಿನ್ನ ದೊಡ್ಡಪ್ಪ