ಊರಿನ ನಂಬರ್ ಉಳಿಸಿಕೊಂಡೇ ವಿಮಾನ ಹತ್ತಿ
ವಿದೇಶದಲ್ಲಿ ಇ-ಸಿಮ್ ಬಳಸುವ ಮೈಸೂರಿಗರು ತಿಳಿದಿರಬೇಕಾದ ಹಕ್ಕು, ನಿಯಮ ಮತ್ತು ದೂರಿನ ದಾರಿ

ಪಾಸ್‌ಪೋರ್ಟಿಗಾಗಿ ಬೆಂಗಳೂರಿಗೆ ಅಲೆಯುವ ಕಾಲ ಮೈಸೂರಿನವರ ಪಾಲಿಗೆ ಮುಗಿದು ವರ್ಷಗಳೇ ಆದವು. ದೇಶದ ಮೊದಲ ಎರಡು ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರಗಳಲ್ಲಿ ಒಂದು 2017ರ ಜನವರಿ 25ರಂದು ನಮ್ಮ ಊರಿನಲ್ಲೇ ಆರಂಭವಾಯಿತು. ಇನ್ನೊಂದು ಗುಜರಾತಿನ ದಾಹೋದ್‌ನಲ್ಲಿ. ಕುವೆಂಪುನಗರ, ಸರಸ್ವತಿಪುರಂ, ವಿಜಯನಗರದ ಎಷ್ಟೋ ಮನೆಗಳ ಮಕ್ಕಳು ಇಂದು ಅಮೆರಿಕ, ಜರ್ಮನಿ, ದುಬೈಗಳಲ್ಲಿದ್ದಾರೆ. ಮಗಳ ಅಥವಾ ಸೊಸೆಯ ಬಾಣಂತನಕ್ಕೆಂದು ಆರು ತಿಂಗಳು ಹೋಗಿಬರುವ ಅಜ್ಜ-ಅಜ್ಜಿಯರೂ ಕಡಿಮೆಯಿಲ್ಲ.

ಹೊರಡುವವರು ವೀಸಾ, ವಿಮೆ, ಮಾತ್ರೆ, ಸಾರಿನ ಪುಡಿ ಎಲ್ಲವನ್ನೂ ನೆನಪಿಟ್ಟು ಜೋಡಿಸುತ್ತಾರೆ. ಮೊಬೈಲ್ ನಂಬರಿನ ಗತಿಯೇನು ಎಂದು ಯೋಚಿಸುವವರು ಕಡಿಮೆ. ಆದರೆ ಬ್ಯಾಂಕ್, ಆಧಾರ್, ಆದಾಯ ತೆರಿಗೆ ರಿಟರ್ನ್, ಪಿಂಚಣಿದಾರರ ಜೀವನ ಪ್ರಮಾಣಪತ್ರ, ಆಸ್ತಿ ನೋಂದಣಿಯ ಕಾವೇರಿ ತಂತ್ರಾಂಶ, ಎಲ್ಲ ಕಡೆಯೂ ನೀವು ನೀವೇ ಎಂದು ಸಾಬೀತುಪಡಿಸುವುದು ಆ ನಂಬರಿಗೆ ಬರುವ ಒಟಿಪಿ. ಹಾಗಾಗಿ ಆ ಹತ್ತು ಅಂಕಿಗಳನ್ನು ಪಾಸ್‌ಪೋರ್ಟಿನಷ್ಟೇ ಜೋಪಾನ ಮಾಡಬೇಕು. ಅದಕ್ಕೆ ಕಾನೂನಿನಲ್ಲಿ ರಕ್ಷಣೆಯೂ ಇದೆ.

ನಂಬರ್ ಯಾವಾಗ ಕೈತಪ್ಪುತ್ತದೆ?

ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ದೂರಸಂಪರ್ಕ ಗ್ರಾಹಕ ಸಂರಕ್ಷಣಾ ನಿಯಮಾವಳಿಗೆ 2013ರಲ್ಲಿ ತಂದ ತಿದ್ದುಪಡಿಯ ಪ್ರಕಾರ, ಪ್ರೀಪೇಯ್ಡ್ ನಂಬರನ್ನು ಬಳಸಿಲ್ಲ ಎಂಬ ಕಾರಣಕ್ಕೆ 90 ದಿನಗಳೊಳಗೆ ಕಂಪನಿ ರದ್ದು ಮಾಡುವಂತಿಲ್ಲ. 90 ದಿನ ಕಳೆದರೂ ಖಾತೆಯಲ್ಲಿ 20 ರೂಪಾಯಿ ಅಥವಾ ಹೆಚ್ಚು ಬ್ಯಾಲೆನ್ಸ್ ಇದ್ದರೆ ಗರಿಷ್ಠ 20 ರೂಪಾಯಿ ಕಡಿತ ಮಾಡಿಕೊಂಡು ಮತ್ತೆ 30 ದಿನ ನಂಬರ್ ಉಳಿಸಬೇಕು. ಬ್ಯಾಲೆನ್ಸ್ ಇರುವವರೆಗೂ ಇದು ಮುಂದುವರಿಯುತ್ತದೆ. ರದ್ದಾದ ಮೇಲೂ ಅದೇ ನಂಬರನ್ನು ಮರಳಿ ಪಡೆಯಲು 15 ದಿನಗಳ ಅವಕಾಶವಿದೆ. ಪೋಸ್ಟ್‌ಪೇಯ್ಡ್ ಗ್ರಾಹಕರಿಗೆ ಸುರಕ್ಷಿತ ಪಾಲನೆ ಎಂಬ ಯೋಜನೆಯಿದ್ದು, ಮೂರು ತಿಂಗಳಿಗೆ 150 ರೂಪಾಯಿ ಮೀರದ ಶುಲ್ಕಕ್ಕೆ ನಂಬರ್ ಕಾಯ್ದಿಡುವಂತೆ ಕೇಳಬಹುದು.

'ಬಳಕೆ' ಎಂದರೆ ಏನು ಎಂಬುದನ್ನೂ ನಿಯಮವೇ ಹೇಳುತ್ತದೆ: ಬಂದ ಅಥವಾ ಮಾಡಿದ ಕರೆ, ಕಳಿಸಿದ ಎಸ್ಸೆಮ್ಮೆಸ್, ಡೇಟಾ ಬಳಕೆ, ಮೌಲ್ಯವರ್ಧಿತ ಸೇವೆ, ಪೋಸ್ಟ್‌ಪೇಯ್ಡ್ ಆದರೆ ಬಾಡಿಗೆ ಪಾವತಿ. ಬಂದ ಎಸ್ಸೆಮ್ಮೆಸ್ ಈ ಪಟ್ಟಿಯಲ್ಲಿಲ್ಲ. ದಿನವೂ ಬ್ಯಾಂಕಿನ ಸಂದೇಶ ಬರುತ್ತಿದೆ, ನಂಬರ್ ಜೀವಂತವಾಗಿದೆ ಎಂದು ನಿಶ್ಚಿಂತೆಯಿಂದಿರುವಂತಿಲ್ಲ. ತಿಂಗಳಿಗೊಮ್ಮೆಯಾದರೂ ಆ ನಂಬರಿನಿಂದ ಒಂದು ಎಸ್ಸೆಮ್ಮೆಸ್ ಕಳಿಸಿ, ಇಲ್ಲವೇ ಒಂದು ಚಿಕ್ಕ ಕರೆ ಸ್ವೀಕರಿಸಿ.

ಇನ್ನೊಂದು ವಿಷಯವನ್ನು ಬಿಡಿಸಿ ಹೇಳಬೇಕು. ನಂಬರ್ ಉಳಿಯುವುದು ಬೇರೆ, ಅದಕ್ಕೆ ಒಟಿಪಿ ಬರುವುದು ಬೇರೆ. ಪ್ಲಾನ್ ಅವಧಿ ಮುಗಿದರೆ ನಂಬರ್ ನಿಮ್ಮ ಹೆಸರಿನಲ್ಲೇ ಇರುತ್ತದೆ, ಸೇವೆ ಮಾತ್ರ ನಿಂತುಹೋಗುತ್ತದೆ. ನಿವೃತ್ತ ದಂಪತಿ 28 ದಿನದ ರೀಚಾರ್ಜ್ ಮಾಡಿಸಿ ಮಾರ್ಚ್ ಮೊದಲ ವಾರ ಟೆಕ್ಸಸ್‌ಗೆ ಹೊರಟರು ಎಂದುಕೊಳ್ಳಿ. ಅಲ್ಲಿ ಮಗ ಸ್ಥಳೀಯ ಇ-ಸಿಮ್ (ಕಾರ್ಡ್ ಇಲ್ಲದೆ ಫೋನಿನೊಳಗೇ ಕೂರುವ ಸಿಮ್) ಹಾಕಿಕೊಟ್ಟ; ಊರಿನ ಸಿಮ್ ಪರ್ಸಿಗೆ ಸೇರಿತು. ಏಪ್ರಿಲ್ ಬಂದಾಗ ಪ್ಲಾನ್ ಇಲ್ಲ. ಜೂನ್ ಹೊತ್ತಿಗೆ ಬಳಕೆಯಿಲ್ಲದೆ 90 ದಿನ. ಜುಲೈಯಲ್ಲಿ ತೆರಿಗೆ ರಿಟರ್ನ್ ಸಲ್ಲಿಸಿ ಆಧಾರ್ ಒಟಿಪಿಯಿಂದ ದೃಢೀಕರಿಸಲು ಹೋದರೆ ಸಂದೇಶ ಬರುವುದಿಲ್ಲ. ಸೆಪ್ಟೆಂಬರಿನಲ್ಲಿ ಮನೆ ಬಾಗಿಲು ತೆಗೆಯುವ ವೇಳೆಗೆ ಆ ನಂಬರ್ ಬೇರೆಯವರಿಗೆ ಹಂಚಿಕೆಯಾಗುವ ಸಾಲಿನಲ್ಲಿರಬಹುದು.

ರದ್ದಾದ ನಂಬರನ್ನು ಕನಿಷ್ಠ 90 ದಿನ ಬೇರೆ ಯಾರಿಗೂ ಕೊಡುವಂತಿಲ್ಲ, ಆಮೇಲೆ ಕೊಡಬಹುದು. ಈ ಮರುಹಂಚಿಕೆಯನ್ನು ಪ್ರಶ್ನಿಸಿದ್ದ ಅರ್ಜಿಯನ್ನು 2023ರ ನವೆಂಬರಿನಲ್ಲಿ ಮುಕ್ತಾಯಗೊಳಿಸಿದ ಸುಪ್ರೀಂ ಕೋರ್ಟ್, ಹಳೆಯ ನಂಬರಿನ ವಾಟ್ಸಾಪ್ ಖಾತೆ ಮತ್ತು ದತ್ತಾಂಶ ಅಳಿಸಿ ಖಾಸಗಿತನ ಕಾಪಾಡಿಕೊಳ್ಳುವ ಎಚ್ಚರ ಗ್ರಾಹಕರದು ಎಂದಿತು. ನಂಬರ್ ಬಿಡುವುದೇ ಆದರೆ ಮೊದಲು ಬ್ಯಾಂಕ್, ಆಧಾರ್, ಯುಪಿಐ ಎಲ್ಲದರಿಂದ ಅದನ್ನು ಬಿಡಿಸಿ.

ಹೊರಡುವ ಮುನ್ನ ಮಾಡಬೇಕಾದ್ದು

ಒಂದು: ನಂಬರ್ ಯಾರ ಹೆಸರಿನಲ್ಲಿದೆ ನೋಡಿ. ಅಪ್ಪನ ಫೋನಿನಲ್ಲಿರುವುದು ಮಗ ಕಾಲೇಜಿನಲ್ಲಿದ್ದಾಗ ತೆಗೆಸಿದ ಸಿಮ್, ಅಮ್ಮನದು ಅಳಿಯನ ಕಂಪನಿ ಕೊಟ್ಟದ್ದು. ಇದು ಎಷ್ಟೋ ಮನೆಗಳ ಸ್ಥಿತಿ. ಸಿಮ್ ಕಳೆದಾಗ ಬದಲಿ ಕೇಳುವ ಹಕ್ಕು ದಾಖಲೆಯಲ್ಲಿರುವ ಗ್ರಾಹಕರಿಗೆ ಮಾತ್ರ. ಕಂಪನಿಯ ಮಳಿಗೆಯಲ್ಲಿ ಇಬ್ಬರ ಗುರುತಿನ ದಾಖಲೆ ಕೊಟ್ಟು ಮಾಲೀಕತ್ವ ವರ್ಗಾಯಿಸಿಕೊಳ್ಳಿ. ನಿಮ್ಮ ಹೆಸರಿನಲ್ಲಿ ಎಷ್ಟು ಸಂಪರ್ಕಗಳಿವೆ ಎಂಬುದನ್ನು ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ನೋಡಿ, ನಿಮ್ಮದಲ್ಲದ್ದನ್ನು ಅಲ್ಲೇ ವರದಿ ಮಾಡಬಹುದು. 2023ರ ದೂರಸಂಪರ್ಕ ಕಾಯ್ದೆಯಲ್ಲಿ ವಂಚನೆಯಿಂದ ಅಥವಾ ಬೇರೆಯವರ ಸೋಗಿನಲ್ಲಿ ಸಿಮ್ ಪಡೆದರೆ 3 ವರ್ಷಗಳವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡವಿದೆ.

ಎರಡು: ದೀರ್ಘ ಅವಧಿಯ ಪ್ಲಾನ್ ಹಾಕಿಸಿ. ಡೇಟಾ ಬೇಡದವರಿಗೆ ಕರೆ ಮತ್ತು ಎಸ್ಸೆಮ್ಮೆಸ್ ಮಾತ್ರ ಇರುವ ವೋಚರ್ ಕೊಡಲೇಬೇಕೆಂದು ಟ್ರಾಯ್ 2024ರ ಡಿಸೆಂಬರಿನಲ್ಲಿ ನಿಯಮ ಮಾಡಿ, ವಿಶೇಷ ವೋಚರ್‌ಗಳ ಗರಿಷ್ಠ ಅವಧಿಯನ್ನು 90ರಿಂದ 365 ದಿನಕ್ಕೆ ಏರಿಸಿತು. ಅಂಗಡಿಯವರು ಡೇಟಾ ಪ್ಯಾಕನ್ನೇ ಮುಂದಿಟ್ಟರೆ ಇದನ್ನು ಹೆಸರಿಸಿ ಕೇಳಿ.

ಮೂರು: ಊರಿನ ಸಿಮ್ಮನ್ನೇ ಇ-ಸಿಮ್ ಮಾಡಿಸುವುದಾದರೆ ಕನಿಷ್ಠ ಒಂದು ವಾರ ಮೊದಲೇ ಮಾಡಿಸಿ. ಸಿಮ್ ಬದಲಾದ ಮೇಲೆ ಮೋಸ ತಡೆಯಲೆಂದು 24 ಗಂಟೆ ಎಸ್ಸೆಮ್ಮೆಸ್ ನಿಲ್ಲಿಸುವ ನಿಯಮವಿದೆ; ಆ ಹೊತ್ತಿನಲ್ಲಿ ಒಟಿಪಿ ಬರುವುದಿಲ್ಲ. ವಿಮಾನ ಹತ್ತುವ ದಿನ ಮಾಡುವ ಕೆಲಸ ಇದಲ್ಲ. ವಿದ್ಯಾರ್ಥಿಗಳಿಗೆ ಇನ್ನೊಂದು ಮಾತು: ಅಮೆರಿಕದಲ್ಲಿ ಮಾರುವ ಐಫೋನ್ 14 ಮತ್ತು ನಂತರದ ಮಾದರಿಗಳಲ್ಲಿ ಸಿಮ್ ತಟ್ಟೆಯೇ ಇಲ್ಲ. ಅಲ್ಲಿ ಹೋಗಿ ಫೋನ್ ಕೊಳ್ಳುವವರು ಊರಿನಲ್ಲಿರುವಾಗಲೇ ಇ-ಸಿಮ್ ಮಾಡಿಸಿಕೊಳ್ಳುವುದು, ಕಂಪನಿಯ ದಾಖಲೆಯಲ್ಲಿ ತಮ್ಮ ಇಮೇಲ್ ಸೇರಿಸುವುದು ಕ್ಷೇಮ.

ನಾಲ್ಕು: ಅಂತರರಾಷ್ಟ್ರೀಯ ರೋಮಿಂಗ್ ಸಕ್ರಿಯವಾಗಿದೆಯೇ ಎಂದು ಕಂಪನಿಯ ಆ್ಯಪಿನಲ್ಲಿ ಖಚಿತಪಡಿಸಿಕೊಳ್ಳಿ. ರೋಮಿಂಗ್ ಇಲ್ಲದೆ ಊರಿನ ಸಿಮ್ ವಿದೇಶಿ ನೆಟ್‌ವರ್ಕ್ ಹಿಡಿಯುವುದಿಲ್ಲ, ಒಟಿಪಿಯೂ ಬರುವುದಿಲ್ಲ.

ಇಳಿದ ಮೇಲೆ ಫೋನಿನಲ್ಲಿ

ಸೆಟ್ಟಿಂಗ್ಸ್‌ನಲ್ಲಿ ಎರಡೂ ಸಿಮ್ ಚಾಲೂ ಇರಲಿ. ಮೊಬೈಲ್ ಡೇಟಾಕ್ಕೆ ವಿದೇಶಿ ಇ-ಸಿಮ್ ಆರಿಸಿ. ಊರಿನ ಸಿಮ್ಮಿನ ಡೇಟಾ ರೋಮಿಂಗ್ ಆಫ್ ಮಾಡಿಡಿ. ಅಗತ್ಯ ಬಿದ್ದಾಗ ಫೋನ್ ತಾನೇ ಇನ್ನೊಂದು ಸಿಮ್ಮಿನ ಡೇಟಾಕ್ಕೆ ಜಿಗಿಯುವ ಆಯ್ಕೆಯನ್ನೂ ಮುಚ್ಚಿ. ದೊಡ್ಡ ಬಿಲ್ ಬರುವುದು ಹೆಚ್ಚಾಗಿ ಈ ಎರಡು ಗುಂಡಿಗಳಿಂದಲೇ. ರೋಮಿಂಗ್‌ನಲ್ಲಿ ಎಸ್ಸೆಮ್ಮೆಸ್ ಬರುವುದಕ್ಕೆ ಸಾಮಾನ್ಯವಾಗಿ ಶುಲ್ಕವಿಲ್ಲ. ಕರೆ ಎತ್ತಿದರೆ ನಿಮಿಷದ ಲೆಕ್ಕ.

ಊರಿನ ಸಿಮ್ ತೆಗೆದು ಡಬ್ಬಿಯಲ್ಲಿಡಬಾರದು ಎನ್ನಲು ಇನ್ನೊಂದು ಕಾರಣವಿದೆ. ವಾಟ್ಸಾಪ್, ಟೆಲಿಗ್ರಾಂ, ಸಿಗ್ನಲ್‌ನಂಥ ಆ್ಯಪ್‌ಗಳು ಖಾತೆ ತೆರೆದ ಸಿಮ್ ಫೋನಿನಲ್ಲಿ ಇದ್ದರೆ ಮಾತ್ರ ಕೆಲಸ ಮಾಡುವಂತಿರಬೇಕು ಎಂದು ದೂರಸಂಪರ್ಕ ಇಲಾಖೆ 2025ರ ನವೆಂಬರ್ 28ರಂದು ನಿರ್ದೇಶನ ಹೊರಡಿಸಿತು.

ವಿದೇಶಿ ಇ-ಸಿಮ್ ಎಲ್ಲಿಂದ ಕೊಳ್ಳಬೇಕು?

ವಿದೇಶಿ ಕಂಪನಿಯ ಸಿಮ್ಮನ್ನು ಭಾರತದಲ್ಲಿ ಮಾರಲು ದೂರಸಂಪರ್ಕ ಇಲಾಖೆಯ ನಿರಾಕ್ಷೇಪಣಾ ಪತ್ರ ಬೇಕು. ಮಾರುವವರು ಪಾಸ್‌ಪೋರ್ಟ್ ಮುಂತಾದ ದಾಖಲೆಗಳಿಂದ ಕೊಳ್ಳುವವರ ಗುರುತು ಪರಿಶೀಲಿಸಬೇಕು. ಈ ಪತ್ರವಿಲ್ಲದೆ ಇ-ಸಿಮ್ ಮಾರುತ್ತಿದ್ದವೆಂಬ ಕಾರಣಕ್ಕೆ ಏರಾಲೊ ಮತ್ತು ಹೊಲಾಫ್ಲೈ ಆ್ಯಪ್‌ಗಳನ್ನು 2024ರ ಜನವರಿಯಲ್ಲಿ ಆಪಲ್ ಮತ್ತು ಗೂಗಲ್‌ನ ಭಾರತೀಯ ಆ್ಯಪ್ ಅಂಗಡಿಗಳಿಂದ ತೆಗೆಸಲಾಯಿತು. ದಾಖಲೆಯೇ ಕೇಳದೆ ಕ್ಯೂಆರ್ ಕೋಡ್ ಕಳಿಸುತ್ತೇವೆ ಎನ್ನುವವರಿಂದ ದೂರವಿರಿ. ಪತ್ರ ಪಡೆದ ಮಾರಾಟಗಾರರಿಂದ, ಇಲ್ಲವೇ ತಲುಪಿದ ದೇಶದ ಕಂಪನಿಯಿಂದಲೇ ಕೊಳ್ಳಿ. ಅಲ್ಲಿಯ ಕಾನೂನನ್ನೂ ಪಾಲಿಸಬೇಕು: ಜರ್ಮನಿಯಲ್ಲಿ 2017ರ ಜುಲೈಯಿಂದ ಪ್ರೀಪೇಯ್ಡ್ ಸಿಮ್ಮಿಗೆ ಗುರುತಿನ ಪರಿಶೀಲನೆ ಕಡ್ಡಾಯ.

ಹೀಗೆ ಪಡೆದ ವಿದೇಶಿ ನಂಬರ್ ಕೆಲವರಿಗೆ ಬ್ಯಾಂಕ್ ವ್ಯವಹಾರಕ್ಕೂ ನೆರವಾಗುತ್ತದೆ. ಉದ್ಯೋಗಕ್ಕೆಂದು ಹೋಗಿ ಅಲ್ಲೇ ನೆಲೆಸುವವರು ಉಳಿತಾಯ ಖಾತೆಯನ್ನು ಅನಿವಾಸಿಗಳಿಗೆಂದೇ ಇರುವ ಎನ್‌ಆರ್‌ಒ ಖಾತೆಯಾಗಿ ಬದಲಿಸಿಕೊಳ್ಳಬೇಕು. ಎನ್‌ಆರ್‌ಇ, ಎನ್‌ಆರ್‌ಒ ಖಾತೆಗೆ ವಿದೇಶಿ ನಂಬರ್ ಜೋಡಿಸಿಯೂ ಯುಪಿಐ ಬಳಸಬಹುದು. 2023ರಲ್ಲಿ ಅಮೆರಿಕ, ಬ್ರಿಟನ್, ಯುಎಇ, ಸಿಂಗಪುರ ಸೇರಿ ಹತ್ತು ದೇಶಗಳ ನಂಬರ್‌ಗಳಿಂದ ಇದು ಶುರುವಾಯಿತು. ಅಂಥವರಿಗೆ ಊರಿನ ನಂಬರಿನ ಮೇಲಿನ ಅವಲಂಬನೆ ಕಡಿಮೆಯಾಗುತ್ತದೆ.

ಮೋಸ ಹೋದರೆ

'ನಿಮ್ಮ ಸಿಮ್ಮನ್ನು ಇ-ಸಿಮ್ ಮಾಡಿಕೊಡುತ್ತೇವೆ, ಈ ಲಿಂಕ್ ಒತ್ತಿ' ಎಂದು ಗ್ರಾಹಕ ಸೇವೆಯ ಹೆಸರಿನಲ್ಲಿ ಕರೆ ಬಂದರೆ ಕತ್ತರಿಸಿ. ಒಪ್ಪಿಗೆ ಒತ್ತಿದ ಕ್ಷಣ ನಿಮ್ಮ ನಂಬರ್ ಅವರ ಫೋನಿಗೆ ಹೋಗುತ್ತದೆ. ನಿಮ್ಮಲ್ಲಿ ನೆಟ್‌ವರ್ಕ್ ಮಾಯ. ಹಾಗಾದರೆ ತಕ್ಷಣ ಬ್ಯಾಂಕಿಗೆ ತಿಳಿಸಿ ಖಾತೆ ತಡೆಹಿಡಿಸಿ. ಸೈಬರ್ ಸಹಾಯವಾಣಿ 1930. ವಿದೇಶಿ ನೆಟ್‌ವರ್ಕ್‌ನಿಂದ ಇಂಥ ಕಿರುಸಂಖ್ಯೆ ಸಿಗುತ್ತದೆಂಬ ಭರವಸೆಯಿಲ್ಲ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಕೊಡಿ, ಮೈಸೂರಿನಲ್ಲಿರುವ ಮನೆಯವರು ಸೈಬರ್ ಅಪರಾಧ ನೋಡಿಕೊಳ್ಳುವ ನಗರದ ಸೆನ್ ಪೊಲೀಸ್ ಠಾಣೆಗೆ ಹೋಗಲಿ. ನಿಮ್ಮ ತಪ್ಪಾಗಲಿ ಬ್ಯಾಂಕಿನ ತಪ್ಪಾಗಲಿ ಇಲ್ಲದ ವಂಚನೆಯನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರ ಹೊಣೆ ಶೂನ್ಯ ಎಂದು ರಿಸರ್ವ್ ಬ್ಯಾಂಕ್ 2017ರ ಜುಲೈ 6ರ ಸುತ್ತೋಲೆಯಲ್ಲಿ ಹೇಳಿದೆ. ಗಂಟೆಗಳೂ ಲೆಕ್ಕಕ್ಕೆ ಬರುತ್ತವೆ.

ಕಂಪನಿಯ ತಪ್ಪಾದರೆ

ಅವಧಿಗೆ ಮುನ್ನ ನಂಬರ್ ರದ್ದಾಯಿತು, ಆನ್ ಮಾಡದ ಡೇಟಾಕ್ಕೆ ಬಿಲ್ ಬಂತು ಎನ್ನಿ. ಮೊದಲು ಕಂಪನಿಯ ದೂರು ಕೇಂದ್ರದಲ್ಲಿ ದೂರು ದಾಖಲಿಸಿ, ಡಾಕೆಟ್ ಸಂಖ್ಯೆ ಬರೆದಿಟ್ಟುಕೊಳ್ಳಿ. ಪರಿಹಾರ ಸಿಗದಿದ್ದರೆ 30 ದಿನಗಳೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಿ. ಶುಲ್ಕವಿಲ್ಲ, 39 ದಿನಗಳಲ್ಲಿ ಇತ್ಯರ್ಥವಾಗಬೇಕು.

ಅಲ್ಲಿಗೂ ಮುಗಿಯದಿದ್ದರೆ ಗ್ರಾಹಕ ಆಯೋಗವಿದೆ. ಟೆಲಿಕಾಂ ದೂರು ಗ್ರಾಹಕ ನ್ಯಾಯಾಲಯದ ವ್ಯಾಪ್ತಿಗೆ ಬರುವುದಿಲ್ಲ ಎಂಬ ವಾದವನ್ನು ಸುಪ್ರೀಂ ಕೋರ್ಟ್ 2022ರ ಫೆಬ್ರವರಿ 16ರಂದು ವೊಡಾಫೋನ್ ಐಡಿಯಾ ಮತ್ತು ಅಜಯ್ ಕುಮಾರ್ ಅಗರ್ವಾಲ್ ಪ್ರಕರಣದಲ್ಲಿ ತಳ್ಳಿಹಾಕಿತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸವಿರುವ ಊರಿನಲ್ಲೇ, ಅಂದರೆ ಮೈಸೂರು ಜಿಲ್ಲಾ ಆಯೋಗದಲ್ಲೇ, ಎರಡು ವರ್ಷಗಳೊಳಗೆ ದೂರು ಸಲ್ಲಿಸಬಹುದು. ಸೇವೆಗೆ ಕೊಟ್ಟ ಹಣ 5 ಲಕ್ಷ ರೂಪಾಯಿವರೆಗೆ ಇದ್ದರೆ ಶುಲ್ಕವಿಲ್ಲ. ಇ-ಜಾಗೃತಿ ಪೋರ್ಟಲ್‌ನಲ್ಲಿ ಸಲ್ಲಿಸಿ, ವಿಡಿಯೊ ಮೂಲಕ ವಿಚಾರಣೆಗೆ ಹಾಜರಾಗಲು ಕಾಯ್ದೆ ಅವಕಾಶ ಕೊಟ್ಟಿದೆ. ಸಲಹೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915, ಉಚಿತ ಕಾನೂನು ನೆರವಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಅಥವಾ 15100. ಮಹಿಳೆಯರಿಗೆ ಈ ನೆರವು ಆದಾಯದ ಮಿತಿಯಿಲ್ಲದೆ ಸಿಗುತ್ತದೆ.

ರೀಚಾರ್ಜ್ ರಸೀದಿ, ಡಾಕೆಟ್ ಸಂಖ್ಯೆ, ರೋಮಿಂಗ್ ಸೆಟ್ಟಿಂಗ್‌ನ ಸ್ಕ್ರೀನ್‌ಶಾಟ್, ಪಾಸ್‌ಪೋರ್ಟಿನ ನಿರ್ಗಮನ ಮುದ್ರೆಯ ಪ್ರತಿ ಇವನ್ನು ಇಮೇಲ್‌ನಲ್ಲಿ ಒಂದೆಡೆ ಇಡಿ. ಆಯೋಗದ ಮುಂದೆ ನಿಮ್ಮ ಪರವಾಗಿ ಮಾತಾಡುವುದು ಇವೇ. ವಯಸ್ಸಾದ ತಂದೆತಾಯಿಯನ್ನು ವಿದೇಶಕ್ಕೆ ಕರೆಸಿಕೊಳ್ಳುವ ಮಕ್ಕಳಲ್ಲಿ ವಿಶೇಷ ವಿನಂತಿ: ಟಿಕೆಟ್ ಕಾದಿರಿಸುವ ದಿನವೇ ಅವರ ನಂಬರಿನ ಹೆಸರು, ಅವಧಿ, ರೋಮಿಂಗ್ ಮೂರನ್ನೂ ನೋಡಿಬಿಡಿ. ಅರ್ಧ ಗಂಟೆಯ ಈ ಕೆಲಸ ಮಾಡಿದರೆ, ಪಿಂಚಣಿಯನ್ನೇ ನಂಬಿದ ಹಿರಿಯರು ಊರಿಗೆ ಮರಳಿದ ಮೇಲೆ ಬ್ಯಾಂಕಿನಿಂದ ಆಧಾರ್ ಕೇಂದ್ರಕ್ಕೆ, ಅಲ್ಲಿಂದ ಮತ್ತೆ ಬ್ಯಾಂಕಿಗೆ ತಿಂಗಳುಗಟ್ಟಲೆ ಅಲೆಯುವುದು ತಪ್ಪುತ್ತದೆ.