ಒಣಕೊಂಬೆಯ ಒಕ್ಕಲು: ಹಾಲಕ್ಕಿ ಕಲಿಸಿದ ಎಂಟು ಪಾಠ

ನಾವು ಬೆಂಗಳೂರಿನ ಉತ್ತರಹಳ್ಳಿಗೆ ಬಂದಾಗ ಮನೆಯೆದುರು ರಾಗಿ ಹೊಲವಿತ್ತು. ಈಗ ಅಲ್ಲಿ ನಾಲ್ಕು ಮಹಡಿಯ ಕಟ್ಟಡಗಳು. ಹೊಲದ ಬದುವಿನ ಮೇಲಿದ್ದ ಮಾವಿನ ಮರವೊಂದು ಲೇಔಟ್ ನಕ್ಷೆಯಲ್ಲಿ ಹೇಗೋ ರಸ್ತೆಯಂಚಿಗೆ ಬಿದ್ದು ಬದುಕಿಕೊಂಡಿತು. ಯಾವುದೋ ಮಳೆಗಾಲದಲ್ಲಿ ಅದರ ಕೊಂಬೆಯೊಂದು ಸೀಳಿ, ಸೀಳಿದ ಜಾಗ ಕೊಳೆತು, ಪೊಟರೆಯಾಗಿದೆ. ಅಲ್ಲಿ ಹಾಲಕ್ಕಿ ಎಂಬ ಪುಟ್ಟ ಗೂಬೆಗಳ ಸಂಸಾರ. ಅದೇ ಜೋಡಿಯೋ ಅದರ ಮಕ್ಕಳೋ, ಹದಿನೈದು ವರ್ಷದಿಂದ ಸಂಜೆಯ ಕಾಫಿ ಲೋಟ ಹಿಡಿದು ನೋಡುತ್ತಿದ್ದೇನೆ. ಪಕ್ಷಿಶಾಸ್ತ್ರ ಓದಿದವನಲ್ಲ, ತಪ್ಪು ಮಾಡಿ ಕಲಿತವನು. ಕಲಿತದ್ದರಲ್ಲಿ ಎಂಟು ಮಾತು ಇಲ್ಲಿವೆ.

1. ಮೊದಲು ಕಿವಿ, ಆಮೇಲೆ ಕಣ್ಣು

ಮರದಡಿ ನಿಂತು ಹುಡುಕಿದರೆ ಕತ್ತು ನೋಯುತ್ತದೆಯೇ ಹೊರತು ಹಕ್ಕಿ ಕಾಣುವುದಿಲ್ಲ. ಹಾಲಕ್ಕಿಯ ಉದ್ದ ಸುಮಾರು 21 ಸೆಂಟಿಮೀಟರ್. ತೂಕ 110 ಗ್ರಾಂ ಆಸುಪಾಸು, ಅಂದರೆ ನೂರು ಗ್ರಾಂ ಕಾಫಿಪುಡಿಯ ಪೊಟ್ಟಣಕ್ಕಿಂತ ತುಸು ಭಾರ. ಮೈಬಣ್ಣ ತೊಗಟೆಯದೇ. ಆದರೆ ಹೊತ್ತು ಮುಳುಗುತ್ತಲೇ ಅದು ತಾನಾಗಿ ಗುಟ್ಟು ಬಿಟ್ಟುಕೊಡುತ್ತದೆ. ‘ಚಿರ್ರ್ ಚಿರ್ರ್ ಚಿರ್ರ್’ ಎಂದು ಒರಟಾಗಿ ಶುರುವಾದ ಕೂಗು ‘ಚಿವಾಕ್ ಚಿವಾಕ್’ ಎಂದು ಏರುತ್ತದೆ. ಜೋಡಿ ಒಟ್ಟಿಗೆ ಕೂಗಿದರೆ ಗಂಡ ಹೆಂಡಿರ ಜಗಳ ಬೀದಿಗೆ ಬಿದ್ದಂತೆ. ಗೂಬೆಯೆಂದರೆ ‘ಗುಮ್’ ಎನ್ನಬೇಕು ಎಂದು ಕಾದಿದ್ದ ನಾನು ಮೊದಲ ಆರು ತಿಂಗಳು ಆ ಸದ್ದನ್ನು ಅಳಿಲಿನದೆಂದೇ ತಿಳಿದಿದ್ದೆ.

2. ಚುಕ್ಕೆಯೇ ಗುರುತು

ಬೂದುಗಂದು ತಲೆ, ಬೆನ್ನಿನ ಮೇಲೆಲ್ಲ ಬಿಳಿ ಚುಕ್ಕೆ. ಹಳದಿ ಕಣ್ಣು, ಅದರ ಮೇಲೆ ದಪ್ಪ ಬಿಳಿ ಹುಬ್ಬು. ಕಾಡಿನ ಕಡೆ ಇದೇ ಗಾತ್ರದ ಇನ್ನೊಂದು ಗೂಬೆ ಇದೆ. ಅದರ ತಲೆ, ಬೆನ್ನು, ಎದೆಯೆಲ್ಲ ಅಡ್ಡ ಪಟ್ಟೆ. ನಮ್ಮನ್ನು ಕಂಡರೆ ಹಾಲಕ್ಕಿ ತಲೆಯನ್ನು ಮೇಲೆ ಕೆಳಗೆ ಕುಣಿಸುತ್ತದೆ. ನಮಸ್ಕಾರ ಮಾಡುತ್ತಿದೆ ಎಂದು ಮೊಮ್ಮಗಳು ಕೈ ಮುಗಿಯುತ್ತಿದ್ದಳು. ನಿಜವಾಗಿ ಅದು ದೂರ ಅಳೆಯುವ ಉಪಾಯ. ಗೂಬೆಯ ಕಣ್ಣುಗುಡ್ಡೆ ತನ್ನ ಕುಳಿಯಲ್ಲಿ ಹೊರಳುವುದಿಲ್ಲ. ಆ ಕೊರತೆ ತುಂಬಲು ಕತ್ತಿನಲ್ಲಿ 14 ಮೂಳೆಗಳಿವೆ, ನಮಗಿರುವುದರ ಎರಡರಷ್ಟು. ಅದಕ್ಕೇ ಕತ್ತು 270 ಡಿಗ್ರಿಯಷ್ಟು ತಿರುಗುತ್ತದೆ.

3. ಕಾಡು ಬೇಡ, ಪೊಟರೆ ಬೇಕು

ಮೊದಲು ಹಾಲಕ್ಕಿ ನೋಡಲೆಂದೇ ಬೆಳಗಿನ ಜಾವ ತುರಹಳ್ಳಿ ಕಾಡಿಗೆ ಹೋಗುತ್ತಿದ್ದೆ. ಅದಿದ್ದದ್ದು ಮನೆಯೆದುರೇ! ದಟ್ಟ ಕಾಡು ಇದಕ್ಕೆ ಒಗ್ಗದು. ತೋಪು, ಹೊಲ, ಊರಂಚು, ದೇವಸ್ಥಾನದ ಅರಳಿಮರ ಇದರ ಸೀಮೆ. 2008ರ ಮರುವಿಂಗಡಣೆಯವರೆಗೆ ಮತದಾರರ ಲೆಕ್ಕದಲ್ಲಿ ಉತ್ತರಹಳ್ಳಿ ರಾಜ್ಯದಲ್ಲೇ ಅತಿ ದೊಡ್ಡ ವಿಧಾನಸಭಾ ಕ್ಷೇತ್ರವಾಗಿತ್ತು. ಹಾಲಕ್ಕಿಯ ಕ್ಷೇತ್ರ ಒಂದು ಮುದಿ ಮರ, ಅದರ ಸುತ್ತಿನ ನಾಲ್ಕಾರು ಬೀದಿ, ಅಷ್ಟೇ. ಆದರೆ ಅದು ಮರಕುಟಿಗನಂತೆ ಮರ ಕೊರೆಯಲಾರದು, ಕಾಗೆಯಂತೆ ಕಡ್ಡಿ ಪೇರಿಸದು. ಕೊಂಬೆ ಮುರಿದು, ಮಳೆನೀರು ಇಳಿದು, ವರ್ಷಗಟ್ಟಲೆ ಕೊಳೆತು ಆದ ತೂತೇ ಬೇಕು. ಅದೇ ತೂತಿನ ಮೇಲೆ ಗಿಳಿ, ಮೈನಾ, ಅಳಿಲಿಗೂ ಕಣ್ಣು. ಹೊಸ ಲೇಔಟಿನಲ್ಲಿ ನೂರು ಸಸಿ ನೆಟ್ಟರೂ ಇನ್ನು ಮೂವತ್ತು ವರ್ಷ ಅವುಗಳಲ್ಲಿ ಒಂದು ಪೊಟರೆ ಸಿಗುವುದು ಕಷ್ಟ.

4. ಊಟದ ಲೆಕ್ಕ ಮರದ ಬುಡದಲ್ಲಿದೆ

ಅರಗದ ಮೂಳೆ, ಕೂದಲು, ಚಿಪ್ಪನ್ನು ಗೂಬೆ ಉಂಡೆ ಕಟ್ಟಿ ಬಾಯಿಂದ ಉಗುಳುತ್ತದೆ. ಬೆಳಿಗ್ಗೆ ಬುಡದಲ್ಲಿ ಬಿದ್ದ ಉಂಡೆಯನ್ನು ನೀರಿನಲ್ಲಿ ನೆನೆಹಾಕಿ ಕಡ್ಡಿಯಿಂದ ಬಿಡಿಸಿ. ನನಗೆ ಹೆಚ್ಚಾಗಿ ಸಿಕ್ಕಿದ್ದು ಜೀರುಂಡೆಯ ಹೊಳೆವ ರೆಕ್ಕೆಚಿಪ್ಪು, ಆಮೇಲೆ ಇಲಿಮರಿಯ ದವಡೆ, ಹಲ್ಲಿಯ ಮೂಳೆ. ಮುಂಗಾರಿನ ಮೊದಲ ಮಳೆಗೆ ರೆಕ್ಕೆ ಬಂದ ಗೆದ್ದಲು ಏಳುವ ಸಂಜೆ ಬೀದಿದೀಪದ ಕಂಬವೇ ಅದರ ದರ್ಶಿನಿ: ನಿಂತಲ್ಲೇ ಊಟ. ಇಲಿ ತಿನ್ನುವ ಹಕ್ಕಿಗೆ ನಮ್ಮ ಇಲಿಪಾಷಾಣವೂ ತಲುಪುತ್ತದೆ. ವಿಷ ತಿಂದ ಇಲಿ ಕೂಡಲೇ ಸಾಯುವುದಿಲ್ಲ. ಮಂಕಾಗಿ ಬಯಲಲ್ಲಿ ತೆವಳುತ್ತದೆ, ಸುಲಭವಾಗಿ ಸಿಗುತ್ತದೆ. ನಮ್ಮ ಮನೆಯಲ್ಲಿ ಪಾಷಾಣ ಬಿಟ್ಟು ಹಳೆಯ ಇಲಿಬೋನಿಗೆ ಮರಳಿದ್ದೇವೆ.

5. ಕೆಳಗಿಳಿದ ಮರಿಯೆಲ್ಲ ಅನಾಥವಲ್ಲ

ನನ್ನ ದೊಡ್ಡ ತಪ್ಪು ಇದು. ಒಂದು ಮಾರ್ಚಿನ ಸಂಜೆ ಕಾಂಪೌಂಡಿನ ಬಳಿ ಹತ್ತಿಯುಂಡೆಯಂಥ ಮರಿ ಕೂತಿತ್ತು. ಪಾಪ ಎಂದು ಒಳತಂದು, ಹಾಲಿನಲ್ಲಿ ಬ್ರೆಡ್ಡು ನೆನೆಸಿ ಬಾಯಿಗಿಟ್ಟೆ. ಹೆಸರಿನಲ್ಲಿ ಹಾಲಿದ್ದರೂ ಹಾಲಕ್ಕಿಗೆ ಹಾಲು ಅರಗದು. ಬೆಳಗಾಗುವಷ್ಟರಲ್ಲಿ ಅದು ತಣ್ಣಗಾಗಿತ್ತು. ರಾತ್ರಿಯಿಡೀ ತಾಯಿ ನಮ್ಮ ಕಿಟಕಿ ಮುಂದಿನ ತಂತಿಯ ಮೇಲೆ ಕೂತು ಕೂಗಿದ್ದು ಈಗಲೂ ಕಿವಿಯಲ್ಲಿದೆ.

ಆಮೇಲೆ ತಿಳಿಯಿತು. ಮರಿಗಳು ಸರಿಯಾಗಿ ಹಾರಲು ಬರುವ ಮೊದಲೇ ಪೊಟರೆಯಿಂದ ಹೊರಬಂದು ಕೊಂಬೆಯಿಂದ ಕೊಂಬೆಗೆ ಜಿಗಿಯುತ್ತವೆ. ಜಾರಿದರೆ ತೊಗಟೆಗೆ ಉಗುರು ಹಾಕಿ ಹತ್ತಲು ನೋಡುತ್ತವೆ. ಅಪ್ಪ ಅಮ್ಮ ಹತ್ತಿರದಲ್ಲೇ ಇರುತ್ತವೆ. ನಾಯಿ ಬೆಕ್ಕು ದೂರ ಮಾಡಿ, ಮರಿಯನ್ನು ಬಟ್ಟೆಯಲ್ಲಿ ಹಿಡಿದು ಎತ್ತರದ ಕೊಂಬೆಗೆ ಬಿಟ್ಟು ಹಿಂದೆ ಸರಿಯಿರಿ. ಗಾಯವಾಗಿದ್ದರೆ ಮಾತ್ರ ತೂತು ಮಾಡಿದ ರಟ್ಟಿನ ಪೆಟ್ಟಿಗೆ, ಕತ್ತಲೆ, ನಿಶ್ಶಬ್ದ. ಅನ್ನ, ಹಾಲು, ನೀರು ಏನೂ ಬೇಡ. ಕೆಂಗೇರಿ ಕಡೆಗೆ ಹೋಗುವ ಉತ್ತರಹಳ್ಳಿ ರಸ್ತೆಯಲ್ಲೇ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯ ವನ್ಯಜೀವಿ ಆಸ್ಪತ್ರೆ ಇರುವುದು ನಮ್ಮ ಭಾಗ್ಯ.

6. ಟಾರ್ಚು ಜೇಬಿನಲ್ಲಿರಲಿ

ಕತ್ತಲಿಗೆ ಅರಳಿದ ಕಣ್ಣಿಗೆ ಫ್ಲ್ಯಾಶ್ ಹೊಡೆದರೆ ಹಕ್ಕಿ ಕೆಲಕಾಲ ದಿಕ್ಕೆಡುತ್ತದೆ. ಮೊಬೈಲಿನಲ್ಲಿ ಅದರದೇ ಕೂಗು ಹಾಕುವುದು ಇನ್ನೂ ಕೆಟ್ಟದ್ದು. ತನ್ನ ಜಾಗಕ್ಕೆ ಪರರು ಬಂದರೆಂದು ಅದು ಮೊಟ್ಟೆ ಬಿಟ್ಟು ಕಾದಾಟಕ್ಕೆ ಹೊರಡುತ್ತದೆ. ಒಳ್ಳೆಯ ಫೋಟೊ ಸಂಜೆಯ ಉಳಿದ ಬೆಳಕಿನಲ್ಲೇ ಸಿಗುತ್ತದೆ. ಸಿಗದಿದ್ದರೆ ನಾಳೆ ಸಂಜೆಯೂ ಇದೆ.

7. ಹಕ್ಕಿಯ ತಲೆಗೆ ಗೂಬೆ ಕೂರಿಸಬೇಡಿ

ಬೇರೆಯವರ ತಪ್ಪನ್ನು ನಮ್ಮ ಮೇಲೆ ಹೊರಿಸಿದರೆ ‘ಗೂಬೆ ಕೂರಿಸ್ತಾರೆ’ ಅನ್ನುತ್ತೇವೆ. ಗೂಬೆಯ ಮೇಲೆ ನಾವು ಕೂರಿಸಿದ್ದು ಸಾವು, ನೋವು, ಮನೆಹಾಳುತನ ಎಲ್ಲವನ್ನೂ. ಆದರೆ ಬೆಳಗಿನ ಜಾವ ಬೀದಿಗೆ ಬರುತ್ತಿದ್ದ ಬುಡಬುಡಿಕೆಯವರು ಶುಭ ನುಡಿಯುತ್ತಿದ್ದದ್ದೂ ಹಾಲಕ್ಕಿಯ ಹೆಸರಿನಲ್ಲೇ. ಹಾಲಕ್ಕಿಯ ಕುಲಕ್ಕೆ ವಿಜ್ಞಾನಿಗಳು ಗ್ರೀಕರ ವಿದ್ಯಾದೇವತೆ ಅಥೀನಾಳ ಹೆಸರಿಟ್ಟಿದ್ದಾರೆ. ಇದರ ದಾಯಾದಿ ಗೂಬೆ ಗ್ರೀಸ್ ದೇಶದ ಒಂದು ಯೂರೊ ನಾಣ್ಯದ ಮೇಲೆ ಕೂತಿದೆ. ಅಪಶಕುನವಾದರೂ ಕುತ್ತು, ಶಕುನವಾದರೂ ಕುತ್ತು: ಮಾಟಮಂತ್ರ, ಬಲಿ, ನಿಧಿಯ ಆಸೆಗೆ ಗೂಬೆಗಳನ್ನು ಹಿಡಿದು ಮಾರುವ ಜಾಲವನ್ನು ವನ್ಯಜೀವಿ ವ್ಯಾಪಾರದ ಮೇಲೆ ಕಣ್ಣಿಡುವ ಟ್ರಾಫಿಕ್ ಇಂಡಿಯಾ ಸಂಸ್ಥೆಯ 2010ರ ವರದಿ ಬಯಲಿಗೆಳೆಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಗೂಬೆ ಹಿಡಿಯುವುದು, ಮಾರುವುದು ಅಪರಾಧ. ಪೊಟರೆ ಎಲ್ಲಿದೆ ಎಂದು ಅಪರಿಚಿತರು ಕೇಳಿದರೆ ನಾನು ಬಾಯಿ ಬಿಡುವುದಿಲ್ಲ.

8. ಕೊಂಬೆಯ ಕ್ಯಾಲೆಂಡರು ನೆನಪಿಡಿ

ನಮ್ಮ ಕಡೆ ಹಾಲಕ್ಕಿಯ ಸಂಸಾರದ ಕಾಲ ನವೆಂಬರಿನಿಂದ ಏಪ್ರಿಲ್. ಮೂರು ನಾಲ್ಕು ಬಿಳಿ ಮೊಟ್ಟೆ. ಮೊದಲ ಮೊಟ್ಟೆಯಿಂದಲೇ ಕಾವು ಶುರುವಾಗುವುದರಿಂದ ಒಂದೇ ಪೊಟರೆಯಲ್ಲಿ ದೊಡ್ಡಣ್ಣನೂ ಇರುತ್ತಾನೆ, ಪುಟ್ಟ ತಮ್ಮನೂ ಇರುತ್ತಾನೆ. ಮಳೆಗೆ ಮುಂಚೆ ಒಣಕೊಂಬೆ ಇಳಿಸಲು ಗರಗಸ ಬರುವುದೂ ಸರಿಯಾಗಿ ಮಾರ್ಚ್ ಏಪ್ರಿಲ್‌ನಲ್ಲೇ.

ನಮ್ಮ ಮರಕ್ಕೂ ಬಂತು. “ಸಾರ್, ಒಣಗೋಗಿರೋ ಕೊಂಬೆ. ಗಾಳಿಗೆ ಯಾರ ತಲೆ ಮೇಲಾದ್ರೂ ಬಿದ್ರೆ ನೀವು ಹೊಣೇನಾ?” ಎಂದ, ಮರ ಹತ್ತಿದ್ದವನು. ಅವನು ಹೇಳಿದ್ದು ಸುಳ್ಳಲ್ಲ. “ಇಳಿಯೋ ಮುಂಚೆ ಒಂದ್ಸಲ ಆ ತೂತೊಳಗೆ ನೋಡಪ್ಪ” ಎಂದೆ. ನೋಡಿದ. ಸ್ವಲ್ಪ ಹೊತ್ತು ಸುಮ್ಮನಿದ್ದ. “ಮೂರವೆ ಸಾರ್, ನನ್ನೇ ಗುರಾಯಿಸ್ತಾವೆ” ಎಂದ. ರಸ್ತೆಯ ಮೇಲೆ ಚಾಚಿದ್ದ ಭಾರದ ತುದಿಯನ್ನಷ್ಟೇ ಕತ್ತರಿಸಿ, ಪೊಟರೆಯಿದ್ದ ಬುಡದ ನಾಲ್ಕಡಿ ಬಿಟ್ಟು ಇಳಿದ. ಕೊಂಬೆ ಹಗುರಾಯಿತು, ಬೀಳುವ ಭಯ ತಪ್ಪಿತು. ಆ ವರ್ಷ ಮೂರೂ ಹಾರಿದವು.

ಅದಕ್ಕೇ ಹೇಳುವುದು: ನಿಮ್ಮ ಬೀದಿಯ ಮರಗಳನ್ನು ಈಗಲೇ ನೋಡಿಡಿ. ತೂತಿನ ಕೆಳಗೆ ಸುಣ್ಣದಂಥ ಹಿಕ್ಕೆ, ಉಂಡೆ ಕಂಡರೆ ಬರೆದಿಡಿ. ಕರ್ನಾಟಕ ಮರ ಸಂರಕ್ಷಣಾ ಕಾಯ್ದೆ 1976ರಿಂದಲೂ ಇದೆ. ಸಾಮಾನ್ಯವಾಗಿ ಮರ ಕಡಿಯಲು ವೃಕ್ಷ ಅಧಿಕಾರಿಯ ಅನುಮತಿ ಬೇಕು. ಆ ಅರ್ಜಿಯ ಹಂತದಲ್ಲೇ ಪೊಟರೆಯ ಮಾತೆತ್ತಿ. ಕೊಂಬೆ ಇಳಿಸಲೇಬೇಕಿದ್ದರೆ ಮರಿಗಳು ಹಾರಿದ ಮೇಲೆ, ಮೇ ಕಳೆದು ಇಳಿಸಲಿ ಎಂದು ಕೇಳಿ. ಗರಗಸ ಏರಿದ ದಿನ ಓಡಿಬಂದರೆ, ಎಲ್ಲರೂ ನನ್ನ ಮಾತು ಕೇಳಿದ ಹುಡುಗನಂತಿರುವುದಿಲ್ಲ.