ಕ್ಯಾನ್ ಇದೆ, ಒಳಗೇನಿದೆ? ಸ್ಪಾನ್ಸರ್ ಪರೀಕ್ಷೆಯ ಸೂತ್ರಗಳು

ನಿಮ್ಮ ರ‍್ಯಾಲಿ ಕಾರಿಗೋ ರೇಸ್ ತಂಡಕ್ಕೋ ದುಡ್ಡು ಹಾಕುತ್ತೇವೆಂದು ಹೆಸರೇ ಕೇಳಿರದ ಪಾನೀಯ ಕಂಪನಿಯೊಂದು ಬಂದಿದೆಯೇ? ಕೈ ಕುಲುಕುವ ಮೊದಲು ಬ್ರಿಟನ್ನಿನ ರಿಚ್ ಎನರ್ಜಿಯ ಕಥೆ ತಿಳಿದುಕೊಳ್ಳಿ. 2018ರ ಅಕ್ಟೋಬರಿನಲ್ಲಿ ಈ ಎನರ್ಜಿ ಡ್ರಿಂಕ್ ಕಂಪನಿ ಫಾರ್ಮುಲಾ ಒನ್‌ನ ಹಾಸ್ ತಂಡದ ಮುಖ್ಯ ಸ್ಪಾನ್ಸರ್ ಆಯಿತು. ಕಾರು ಕಪ್ಪು-ಚಿನ್ನದ ಬಣ್ಣಕ್ಕೆ ತಿರುಗಿತು. 2019ರ ಸೆಪ್ಟೆಂಬರ್ ಹೊತ್ತಿಗೆ ಎರಡೂ ಕಡೆಯವರು ಬೇರೆಯಾಗಿದ್ದರು.

1. ಮೊದಲು ಅಂಗಡಿಗೆ ಹೋಗಿ.
ರಿಚ್ ಎನರ್ಜಿಯ ಬಗ್ಗೆ ರೇಸ್ ವಲಯದಲ್ಲಿ ಎದ್ದ ಮೊದಲ ಪ್ರಶ್ನೆಯೇ ಇದು: ಈ ಪಾನೀಯ ಸಿಗುವುದೆಲ್ಲಿ, ಕುಡಿದವರು ಯಾರು? ನೀವೂ ಒಂದು ಕ್ಯಾನ್ ಕೊಂಡು ತಿರುಗಿಸಿ ನೋಡಿ. ನಮ್ಮಲ್ಲಾದರೆ 14 ಅಂಕಿಯ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ನಂಬರು, ತಯಾರಿಸಿದವರ ವಿಳಾಸ, ಬ್ಯಾಚ್ ಮತ್ತು ತಾರೀಖು ಇರಲೇಬೇಕು. ತಯಾರಿಸಿದವರು ಒಬ್ಬರು, ಮಾರುವವರು ಇನ್ನೊಬ್ಬರು ಎಂದಿದ್ದರೆ ಗಾಬರಿ ಬೇಡ; ಎಷ್ಟೋ ಬ್ರ್ಯಾಂಡುಗಳು ಬೇರೆಯವರ ಕಾರ್ಖಾನೆಯಲ್ಲೇ ತುಂಬಿಸಿಕೊಳ್ಳುತ್ತವೆ. ಆ ಕಾರ್ಖಾನೆಗೆ ಒಂದು ಫೋನ್ ಮಾತ್ರ ತಪ್ಪದೆ ಮಾಡಿ.

2. ಲೆಕ್ಕಪತ್ರ ತೆಗೆಸಿ.
ಬ್ರಿಟನ್ನಿನಲ್ಲಿ ಕಂಪನಿಗಳ ಲೆಕ್ಕವನ್ನು ಯಾರು ಬೇಕಾದರೂ ಕಾಸು ಕೊಡದೆ ಓದಬಹುದು. ರಿಚ್ ಎನರ್ಜಿಯ 2017ರ ಲೆಕ್ಕದಲ್ಲಿ ಬ್ಯಾಂಕಿನಲ್ಲಿದ್ದದ್ದು 581 ಪೌಂಡ್! ಮರುವರ್ಷ ನಮ್ಮ ವಿಜಯ್ ಮಲ್ಯರ ಫೋರ್ಸ್ ಇಂಡಿಯಾ ರೇಸ್ ತಂಡ ದಿವಾಳಿಯ ಅಂಚಿಗೆ ಬಂದಾಗ ಅದನ್ನು ಕೊಳ್ಳಲು ಮುಂದಾದವರಲ್ಲಿ ಇದೇ ಕಂಪನಿಯ ಮುಖ್ಯಸ್ಥ ವಿಲಿಯಂ ಸ್ಟೋರಿಯೂ ಇದ್ದರು. (ಕಿಂಗ್‌ಫಿಷರ್ ನೋಡಿದ ಬೆಂಗಳೂರಿಗರಿಗೆ ಪಾನೀಯದ ದುಡ್ಡು, ರೇಸಿನ ಮೋಹ ಎರಡೂ ಹೊಸದೇನಲ್ಲ.) ತಂಡ ಕೊನೆಗೆ ಲಾರೆನ್ಸ್ ಸ್ಟ್ರೋಲ್ ಬಳಗದ ಪಾಲಾಯಿತು. ಸಣ್ಣ ಕಂಪನಿಯ ಖಾತೆ ಖಾಲಿ ಇದ್ದ ಮಾತ್ರಕ್ಕೆ ಅದು ಮೋಸವಲ್ಲ, ಒಪ್ಪೋಣ. ಆದರೆ ಬೆನ್ನಿಗೆ ದೊಡ್ಡ ಹೂಡಿಕೆದಾರರಿದ್ದಾರೆ ಎಂದರೆ ಅವರ ಹೆಸರು, ಬ್ಯಾಂಕಿನ ಪತ್ರ ಕೇಳಿ. ಇಲ್ಲಿಯ ಕಂಪನಿಯಾದರೆ ಕಂಪನಿ ವ್ಯವಹಾರಗಳ ಸಚಿವಾಲಯದ ದಾಖಲೆ ಮತ್ತು ಜಿಎಸ್‌ಟಿ ನಂಬರು ನೋಡಲು ಅರ್ಧ ಗಂಟೆ ಸಾಕು.

3. ದೊಡ್ಡ ಸಂಖ್ಯೆ ಕೇಳಿದ ಕೂಡಲೇ ಇನ್ನೊಂದು ಪ್ರಶ್ನೆ ಹಾಕಿ.
ಒಂಬತ್ತು ಕೋಟಿ ಕ್ಯಾನ್ ತಯಾರಿಸಿದ್ದೇವೆ ಎಂಬುದು ರಿಚ್ ಎನರ್ಜಿಯ ಬಡಾಯಿಯಾಗಿತ್ತು. ಮುಂದಿನ ಸೂತ್ರದಲ್ಲಿ ಬರುವ ಲೋಗೋ ಮೊಕದ್ದಮೆಯಲ್ಲಿ, ಕೋರ್ಟಿನ ಕಟಕಟೆಯಲ್ಲಿ ಗುಟ್ಟು ಹೊರಬಿತ್ತು: ಕ್ಯಾನ್ ಮಾಡಿಸಿದ್ದು ಹೌದಂತೆ, ತುಂಬಿಸಿ ಮಾರುವುದು ಬಾಕಿಯಂತೆ. ಇಂಥ ಕಂಪನಿ ಇದೆಯೋ ಇಲ್ಲವೋ ಎಂದು ಕೇಳಿದರೆ ‘ಇದೆ’ ಎಂದೇ ಉತ್ತರ ಬರುತ್ತದೆ. ಹೇಳಿಕೊಂಡಷ್ಟು ಇದೆಯೇ ಎಂದು ಕೇಳಿ. ಮಾರಿದ್ದೆಷ್ಟು, ಯಾರಿಗೆ, ಬಿಲ್ ಎಲ್ಲಿ?

4. ಲೋಗೋ ಯಾರದ್ದು?
ರಿಚ್ ಎನರ್ಜಿಯ ಜಿಂಕೆ ಕೊಂಬಿನ ಲಾಂಛನ ತಮ್ಮದರ ನಕಲು ಎಂದು ವೈಟ್ ಬೈಕ್ಸ್ ಎಂಬ ಸೈಕಲ್ ಬ್ರ್ಯಾಂಡಿನವರು ಕೋರ್ಟಿಗೆ ಹೋದರು. 2019ರ ಮೇ ತಿಂಗಳಲ್ಲಿ ನ್ಯಾಯಾಧೀಶೆ ಮೆಲಿಸಾ ಕ್ಲಾರ್ಕ್ ಸೈಕಲಿನವರ ಪರ ತೀರ್ಪಿತ್ತರು. ಸ್ಟೋರಿ ಅವರ ಸಾಕ್ಷ್ಯ ನಂಬಲರ್ಹವಲ್ಲ ಎಂಬರ್ಥದ ಮಾತನ್ನೂ ಬರೆದರು. ಹಾಸ್ ಕಾರಿನಿಂದ ಜಿಂಕೆ ಮಾಯವಾಯಿತು. ಸ್ಟಿಕ್ಕರ್ ಅಂಟಿಸುವ ಮೊದಲು ಟ್ರೇಡ್‌ಮಾರ್ಕ್ ಹುಡುಕಿದರೆ ಕೀಳುವ ಕೆಲಸ ತಪ್ಪುತ್ತದೆ.

5. ಹೊಸಬರು ಎಂಬ ಒಂದೇ ಕಾರಣಕ್ಕೆ ಬಾಗಿಲು ಹಾಕಬೇಡಿ.
ರೆಡ್ ಬುಲ್ ಕೂಡ 1987ರಲ್ಲಿ ಆಸ್ಟ್ರಿಯಾದಲ್ಲಿ ಮಾರಾಟಕ್ಕೆ ಬಂದಾಗ ಯಾರೂ ಕೇಳಿರದ ಹೆಸರೇ. ಸೌಬರ್ ತಂಡದ ಸ್ಪಾನ್ಸರ್ ಆದದ್ದು 1995ರಲ್ಲಿ, ಜಾಗ್ವಾರ್ ತಂಡವನ್ನು ಕೊಂಡದ್ದು 2004ರ ಕೊನೆಗೆ. ಮೊದಲು ಪಾನೀಯ ಮಾರಿ, ಆಮೇಲೆ ಕಾರಿನ ಕಡೆ ತಿರುಗಿದವರು ಅವರು.

6. ದಾಖಲೆ ಕೇಳಿದಾಗ ಸಿಡುಕುವವರನ್ನು ಅಲ್ಲೇ ಬಿಡಿ.
ಲೆಕ್ಕ ಸರಿ ಇದ್ದವರು ಕಾಗದ ಕೊಡುತ್ತಾರೆ.

7. ನಿಮ್ಮ ಆಸೆಯ ಮೇಲೂ ಒಂದು ಕಣ್ಣಿಡಿ.
2016ರಲ್ಲಿ ಕಣಕ್ಕಿಳಿದ ಹಾಸ್ ತಂಡ ರಿಚ್ ಎನರ್ಜಿ ಬರುವ ತನಕ ಓಡಿದ್ದು ಮಾಲೀಕ ಜೀನ್ ಹಾಸ್ ಅವರ ಯಂತ್ರೋಪಕರಣ ಕಂಪನಿಯ ಹೆಸರಿನಲ್ಲೇ. ಹೊರಗಿನ ದುಡ್ಡು ತಾನಾಗಿ ಬಾಗಿಲಿಗೆ ಬಂದರೆ ಯಾರಿಗೆ ಬೇಡ? ಈ ಆಸೆಗೆ ಬಿದ್ದವರಲ್ಲಿ ಹಾಸ್ ಮೊದಲನೆಯದೂ ಅಲ್ಲ. 1999ರಲ್ಲಿ ಫಾರ್ಮುಲಾ ಒನ್‌ನ ಆರೋಸ್ ತಂಡದ ಪಾಲು ಕೊಂಡ ನೈಜೀರಿಯಾದ ರಾಜಕುಮಾರ ಮಲಿಕ್ ಅಡೋ ಇಬ್ರಾಹಿಂ ತಮ್ಮ ‘ಟಿ-ಮೈನಸ್’ ಬ್ರ್ಯಾಂಡನ್ನು ಕಾರಿನ ಮೇಲೆ ಬರೆಸಿದ್ದರು. ಆ ಹೆಸರಿನಲ್ಲಿ ಇಂಥದ್ದೇ ಸಾಮಾನು ಎಂದು ಜನ ತೋರಿಸುವಂತಿರಲಿಲ್ಲ. ಸುದ್ದಿಯೇನೋ ಸಾಕಷ್ಟಾಯಿತು. ಆ ನಂಟು ಮಾತ್ರ ಬಹಳ ದಿನ ಬಾಳಲಿಲ್ಲ.

8. ಒಪ್ಪಂದ ಮುರಿಯುವ ಷರತ್ತನ್ನು ಮೊದಲು ಓದಿ.
2019ರ ಜುಲೈ 10ರಂದು ರಿಚ್ ಎನರ್ಜಿಯ ಟ್ವಿಟರ್ ಖಾತೆಯಲ್ಲಿ ಸಿಡಿಲು: ಹಾಸ್ ಪ್ರದರ್ಶನ ಕಳಪೆ, ಆಸ್ಟ್ರಿಯಾದಲ್ಲಿ ವಿಲಿಯಮ್ಸ್‌ಗಿಂತ ಹಿಂದೆ ಬಿದ್ದದ್ದನ್ನು ಸಹಿಸಲಾಗದು, ಒಪ್ಪಂದ ರದ್ದು! ಇದು ಒಬ್ಬರ ಸ್ವಂತ ಕಿತಾಪತಿ ಎಂದು ಉಳಿದ ಷೇರುದಾರರು ಕೈ ತೊಳೆದುಕೊಂಡರು. ಅದೇ ವಾರ ಸಿಲ್ವರ್‌ಸ್ಟೋನ್‌ನಲ್ಲಿ ಹಾಸ್ ಕಾರುಗಳು ಅದೇ ಕಪ್ಪು-ಚಿನ್ನದ ಬಣ್ಣದಲ್ಲಿ ಓಡಿದವು. ಆದ್ದರಿಂದ ಕಂಪನಿಯ ಪರ ಸಹಿ ಹಾಕುವ ಅಧಿಕಾರ ಯಾರಿಗಿದೆ ಎಂಬುದಕ್ಕೆ ಆಡಳಿತ ಮಂಡಳಿಯ ನಿರ್ಣಯ ತರಿಸಿಕೊಳ್ಳಿ. ಬಿಟ್ಟುಹೋಗಲು ಎಷ್ಟು ದಿನದ ನೋಟಿಸ್ ಎಂದು ಬರೆಸಿ. ಕಂತುಗಳ ತಾರೀಖು ರೇಸಿಗೆ ಮುಂಚಿತವಾಗಿರಲಿ. ಮೊದಲ ಕಂತು ಖಾತೆಗೆ ಬಿದ್ದ ಮೇಲೆ ಪೇಂಟರ್‌ಗೆ ಫೋನ್ ಮಾಡಿ.